ವೀಸ್ ಚರ್ಚೋ, ಸ್ಟೈನ್‌ಹೌಸೆನ್ ಚರ್ಚೋ?

ದಕ್ಷಿಣ ಜರ್ಮನಿಯಲ್ಲಿ ಒಂದೇ ಹಳ್ಳಿ ಚರ್ಚ್ ನೋಡಲು ಸಮಯವಿದೆಯಾ? ಆಯ್ಕೆ ಸುಲಭವಲ್ಲ. ಎರಡನ್ನೂ ಕಟ್ಟಿದ್ದು ಡೊಮಿನಿಕುಸ್ ಝಿಮ್ಮರ್‌ಮನ್. ಚಾವಣಿಯ ಚಿತ್ರಗಳು ಅವರ ಅಣ್ಣ ಯೋಹಾನ್ ಬ್ಯಾಪ್ಟಿಸ್ಟ್ ಕೈಯವು.

ಸ್ಟೈನ್‌ಹೌಸೆನ್ ಮೊದಲನೆಯದು, 1728ರಿಂದ 1733. ಒಳಗೆ ಮೊಟ್ಟೆಯಾಕಾರದ ಹಜಾರ, ಸುತ್ತ ಹತ್ತು ಬಿಳಿ ಕಂಬ. ಮೇಲೆ ಮೇರಿ ಸ್ವರ್ಗಕ್ಕೇರುತ್ತಿದ್ದಾಳೆ, ಅಂಚಿನಲ್ಲಿ ನಾಲ್ಕು ಖಂಡಗಳ ಜನ. ಆದರೆ ನನಗೆ ಇಷ್ಟವಾಗೋದು ಗಾರೆಯಲ್ಲಿ ಮಾಡಿದ ಹಕ್ಕಿ, ಹುಳ, ಅಳಿಲು. ಹುಡುಕುತ್ತಾ ನಿಂತರೆ ಕತ್ತು ನೋಯುತ್ತದೆ! ಖರ್ಚು ಅಂದಾಜಿಗಿಂತ ಎಷ್ಟೋ ಜಾಸ್ತಿಯಾಗಿ, ಕಟ್ಟಿಸಿದ ಮಠದ ಹಿರಿಯರು ಹುದ್ದೆಯನ್ನೇ ಬಿಡಬೇಕಾಯಿತು.

ವೀಸ್ ಅದಕ್ಕಿಂತ ದೊಡ್ಡ ಹೆಸರು. 1738ರಲ್ಲಿ ಏಸುವಿನ ಮರದ ವಿಗ್ರಹದ ಕಣ್ಣಲ್ಲಿ ನೀರು ಬಂತೆಂಬ ಸುದ್ದಿ ಹಬ್ಬಿ ಯಾತ್ರಿಕರು ಮುಗಿಬಿದ್ದರು. 1745ರಲ್ಲಿ ಕೆಲಸ ಶುರುವಾಯಿತು. ಇಲ್ಲಿ ಕಂಬಗಳು ಜೋಡಿ ಜೋಡಿ, ಬೆಳಕು ಹೆಚ್ಚು, ಅಲಂಕಾರ ಇನ್ನೂ ಹಗುರ. ಇದನ್ನು ಭಾರೀ ಅಲಂಕಾರದ ಬರೋಕ್ ಶೈಲಿ ಅನ್ನುವುದಕ್ಕಿಂತ, ಅದರ ನಂತರ ಬಂದ ಹಗುರವಾದ ರೊಕೊಕೊ ಶೈಲಿ ಅನ್ನುವುದೇ ಸರಿ. ಚಾವಣಿಯ ಚಿತ್ರದಲ್ಲಿ, ಲೋಕದ ಕೊನೆಯಲ್ಲಿ ಏಸು ತೀರ್ಪು ಕೊಡಲು ಕೂರುವ ಸಿಂಹಾಸನ ಇನ್ನೂ ಖಾಲಿ. 1983ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಜನಜಂಗುಳಿಯೂ ಹಾಗೇ.

ನೊಯ್‌ಶ್ವಾನ್‌ಸ್ಟೈನ್ ಕೋಟೆಗೆ ಹೇಗೂ ಹೋಗುತ್ತೀರಾ? ಹಾಗಾದರೆ ವೀಸ್ ಹತ್ತಿರ. ಗಲಾಟೆಯಿಲ್ಲದೆ ಸುಮ್ನೆ ಕೂತು ನೋಡಬೇಕೆಂದರೆ ನನ್ನ ಓಟು ಸ್ಟೈನ್‌ಹೌಸೆನ್‌ಗೆ.