ಬೆಳಗ್ಗೆ ಯೋಗ, ಮಧ್ಯಾಹ್ನ ಚಿತ್ರ: ಮೂರು ಕಲೆ ಮಾಡಿ ನೋಡಿದ ಮೇಲೆ

ಮೈಸೂರಿಗೆ ಅಷ್ಟಾಂಗ ಯೋಗ ಕಲಿಯಲು ಬಂದವರ ಅಭ್ಯಾಸ ನಸುಕಿಗೇ ಶುರುವಾಗಿ, ಬಿಸಿಲೇರುವ ಮೊದಲು ಮುಗಿದಿರುತ್ತದೆ. ಆಮೇಲೆ ದಿನವೆಲ್ಲ ಖಾಲಿ. ಆ ಹೊತ್ತಿಗೆ ಅಂತ ನಾನು ಮೂರು ಕಲೆಗಳನ್ನು ಮಾಡಿ ನೋಡಿದೆ: ಮೈಸೂರು ಶೈಲಿಯ ಚಿತ್ರ, ವರ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರ ಊರಿನ ಕಡೆಯ ಹಸೆ ಚಿತ್ತಾರ. ದಣಿದ ಮೈಗೆ ಯಾವುದು ಹೊಂದುತ್ತದೆ ಅನ್ನುವುದೇ ನನಗೆ ಮುಖ್ಯವಾಗಿತ್ತು.

ಮೈಸೂರು ಚಿತ್ರದ ದೊಡ್ಡ ಅನುಕೂಲ, ಕಲಿಸುವವರು ಊರಲ್ಲೇ ಸಿಗುತ್ತಾರೆ. ಇದು ಜನಪದ ಕಲೆಯಲ್ಲ, ಅರಮನೆಯ ಆಶ್ರಯದಲ್ಲಿ ಬೆಳೆದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು ಇದಕ್ಕೆ ತುಂಬಾ ಪ್ರೋತ್ಸಾಹ ಕೊಟ್ಟರು. ಇದರ ಜೀವ ಇರುವುದು ಜೆಸ್ಸೋ ಕೆಲಸದಲ್ಲಿ. ಬಿಳಿ ಪುಡಿಗೆ ಅಂಟು ಕಲಸಿ, ಸಣ್ಣ ಕುಂಚದ ತುದಿಯಲ್ಲಿ ದೇವಿಯ ಒಡವೆ, ಸೀರೆಯ ಅಂಚನ್ನು ತುಸುವೇ ಉಬ್ಬಿಸಬೇಕು. ತಂಜಾವೂರು ಚಿತ್ರದಷ್ಟು ಉಬ್ಬಬಾರದು. ಅದರ ಮೇಲೆ ಚಿನ್ನದ ರೇಕು ಕೂರಿಸಬೇಕು. ಫ್ಯಾನ್ ಹಾಕಿದರೆ ರೇಕು ಹಾರುತ್ತದೆ, ಹಾಗಾಗಿ ಸೆಖೆಯಲ್ಲೇ ಕೂತಿರಬೇಕು. ನೋಡಲು ಬಹಳ ಚೆಂದ. ಆದರೆ ಬೆಳಗ್ಗೆ ಅಂಗೈ ಮೇಲೆ ಮೈಭಾರ ಹೊರುವ ಚತುರಂಗ ದಂಡಾಸನ ಮಾಡಿ ಮಾಡಿ ಸೋತ ಮಣಿಕಟ್ಟಿಗೆ ಈ ಸೂಕ್ಷ್ಮ ಕೆಲಸ ಜಾಸ್ತಿಯೇ ಆಯಿತು. ಬಗ್ಗಿ ಕೂತು ಕತ್ತೂ ಹಿಡಿಯುತ್ತಿತ್ತು. ಒಂದು ಚಿತ್ರ ಮುಗಿಯಲು ವಾರಗಟ್ಟಲೆ ಬೇಕು. ತಿಂಗಳ ಮಟ್ಟಿಗೆ ಬಂದವರಿಗೆ ಅದೂ ಕಷ್ಟ.

ವರ್ಲಿ ಬೇಗ ಕೈಗೆ ಹತ್ತುತ್ತದೆ. ಎರಡು ತ್ರಿಕೋನ ಸೇರಿಸಿದರೆ ಒಬ್ಬ ಮನುಷ್ಯ, ಅಂಥವರನ್ನು ಸುತ್ತಲೂ ಸಾಲಾಗಿ ಬರೆದರೆ ತಾರ್ಪಾ ಅನ್ನುವ ಊದುವ ವಾದ್ಯದ ಸುತ್ತಿನ ಕುಣಿತ. ಆದರೆ ನಾನು ಕಲಿತದ್ದು ಬಟ್ಟೆಯ ಮೇಲೆ, ಅಂಗಡಿ ಬಣ್ಣದಲ್ಲಿ. ಮಹಾರಾಷ್ಟ್ರದ ಪಾಲ್ಘರ್ ಕಡೆ, ಕೆಮ್ಮಣ್ಣಿನ ಗೋಡೆಗೆ ಅಕ್ಕಿ ಹಿಟ್ಟಿನಲ್ಲಿ ಬರೆಯುವವರ ಪಕ್ಕ ಕೂತು ಕಲಿಯಬೇಕಾದ ಕಲೆ ಅದು. ಮೈಸೂರಿನಲ್ಲಿ ಸುಮ್ನೆ ಎರಡು ಗಂಟೆ ಕಳೆಯಲು ಸಾಕು, ಅಷ್ಟೇ.

ನನ್ನ ಮನಸ್ಸು ನಿಂತದ್ದು ಚಿತ್ತಾರದ ಮೇಲೆ. ಅಷ್ಟಾಂಗದವರಿಗೆ ಹುಣ್ಣಿಮೆ, ಅಮಾವಾಸ್ಯೆ ರಜೆ ಅಲ್ವಾ? ಆ ರಜೆಗೆ ಹಿಂದೆ ಮುಂದೆ ಒಂದೆರಡು ದಿನ ಸೇರಿಸಿಕೊಂಡು ತಾಳಗುಪ್ಪದ ರೈಲು ಹತ್ತಿದರೆ ಸಾಗರದಲ್ಲಿ ಇಳಿಯಬಹುದು. ಇದು ಅಲ್ಲಿನ ದೀವರು ಸಮುದಾಯದ ಹೆಣ್ಣುಮಕ್ಕಳ ಕಲೆ. ಮದುವೆ ಮನೆಯಲ್ಲಿ ಗಂಡು ಹೆಣ್ಣು ಕೂರುವ ಹಸೆಯ ಹಿಂದಿನ ಗೋಡೆಗೆ ಬರೆಯುತ್ತಾರೆ. ಭೂಮಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬ ಹತ್ತಿರ ಬಂದರೆ ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ ಭೂಮಣ್ಣಿ ಬುಟ್ಟಿ ಮಾಡಿ, ಅದರ ಮೇಲೂ ಬರೆಯುತ್ತಾರೆ. ನಾನು ಕೂತು ಕಲಿತದ್ದು ಇಂಥ ಬುಟ್ಟಿಯ ಮುಂದೆಯೇ.

ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಅನ್ನುವ ಕಾಡು ಗಿಡದ ಬೀಜ. ಕುಂಚ ಅಂದರೆ ಪುಂಡಿ ನಾರು. ನನಗೆ ಕಲಿಸಿದ ಅಮ್ಮ ಸ್ಕೇಲ್ ಮುಟ್ಟಲು ಬಿಡಲಿಲ್ಲ. "ಎಳೆ ಅರ್ಧಕ್ಕೆ ನಿಲ್ಲಿಸಬೇಡ ಮಾರಾಯ್ತಿ, ಕೈ ಪೂರ್ತಿ ಹೋಗಲಿ" ಅಂದರು. ಬೆರಳು ಬಿಗಿ ಹಿಡಿದರೆ ಎಳೆ ನಡುಗುತ್ತದೆ. ಭುಜ ಸಡಿಲ ಬಿಟ್ಟು, ಉಸಿರು ಬಿಡುತ್ತಾ ಎಳೆದರೆ ನೆಟ್ಟಗೆ ಬರುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು ನಮಗೆ ರೂಢಿಯೇ. ಬೆಳಗ್ಗೆ ಉಸಿರಿನ ಜೊತೆ ಮೈ ನಡೆಸಿದ ಅಭ್ಯಾಸ ಇಲ್ಲಿ ನೇರವಾಗಿ ಕೈಗೆ ಬಂತು. ಉಳಿದ ಎರಡರಲ್ಲಿ ನನಗೆ ಇದು ಸಿಗಲಿಲ್ಲ.

ತೊಂದರೆಯೂ ಇದೆ. ಸಾಗರ ದೂರ, ಪದೇ ಪದೇ ಹೋಗಲಾಗುವುದಿಲ್ಲ. ಕಲಿತು ಬಂದದ್ದನ್ನು ರೂಮಿನಲ್ಲಿ ಕೂತು ತಾನೇ ತಿದ್ದಿಕೊಳ್ಳಬೇಕು. ಹಾಗಾಗಿ ಬರೀ ಒಂದು ತಿಂಗಳಿದ್ದು, ಊರು ಬಿಟ್ಟು ಹೋಗಲು ಆಗದವರಿಗೆ ಮೈಸೂರು ಚಿತ್ರವನ್ನೇ ಹೇಳುತ್ತೇನೆ. ಜೆಸ್ಸೋಗೆ ಕೈ ಹಾಕದೆ ಪೆನ್ಸಿಲ್ ರೇಖೆ ಮತ್ತು ಬಣ್ಣದಿಂದ ಶುರು ಮಾಡಲಿ. ಎರಡು ಮೂರು ತಿಂಗಳು ಇರುವವರು ಚಿತ್ತಾರ ಕಲಿಯಲಿ. ಗದ್ದೆ ಕೆಲಸದ ದಿನಗಳಲ್ಲಿ ಆ ಹೆಂಗಸರಿಗೆ ಪುರುಸೊತ್ತು ಇರುವುದಿಲ್ಲ, ಮೊದಲೇ ಕೇಳಿಕೊಂಡು ಹೋಗಿ. ನಿಮಗಾಗಿ ಒಂದು ದಿನದ ದುಡಿಮೆ ಬಿಟ್ಟು ಕೂರುತ್ತಾರೆ, ಅದಕ್ಕೆ ತಕ್ಕ ಹಣ ಕೊಡಿ. ನಾರಿನ ಕುಂಚ ಒಂದೆರಡು ಕೇಳಿ ತನ್ನಿ, ಮೈಸೂರಿನ ಅಂಗಡಿಗಳಲ್ಲಿ ನನಗೆ ಎಲ್ಲೂ ಸಿಗಲಿಲ್ಲ.