ದೀಪಾವಳಿ ರಜೆಗೆ ಲಕ್ಷದ್ವೀಪದ ಕ್ರೂಸ್ ಬುಕ್ ಮಾಡ್ತಿದ್ದೀರಾ? ಸ್ವಲ್ಪ ತಡೀರಿ

ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ನಾವು ಕಟ್ಟಿ ಕೆಟ್ಟವರು.

ನಾನು, ಹೆಂಡತಿ, ಎಪ್ಪತ್ತು ದಾಟಿದ ಅಮ್ಮ. ಮುಂಬೈಯ ಬಲ್ಲಾರ್ಡ್ ಪಿಯರ್‌ನಲ್ಲಿ ಹಡಗು ಹತ್ತಿ, ಒಂದು ದಿನ ಲಕ್ಷದ್ವೀಪದ ಅಗತ್ತಿ ದ್ವೀಪದಲ್ಲಿ ಇಳಿದು ವಾಪಸ್. ಒಟ್ಟು ನಾಲ್ಕು ರಾತ್ರಿ. ಹೊರಡುವ ಹಿಂದಿನ ದಿನ ಮಲ್ಪೆಯಿಂದ ಹೆಂಡತಿಯ ಅಣ್ಣ ಫೋನ್ ಮಾಡಿದ. "ಎಂತ ಭಾವ, ಅರಬ್ಬಿಯಲ್ಲಿ ವಾಯುಭಾರ ಕುಸಿತ ಅಂತೆ. ನಮ್ಮ ಬೋಟೆಲ್ಲ ವಾಪಸ್ ಬಂದು ದಕ್ಕೆಯಲ್ಲಿ ಕಟ್ಟಿ ಆಯ್ತು. ನೀವು ಈಗ ಕಡಲಿಗೆ ಹೋಗುವುದಾ?" ಏಜೆಂಟನ್ನು ಕೇಳಿದೆ. "ಮೀನು ಬೋಟ್ ಬೇರೆ ಸರ್, ಇದು ಹತ್ತು ಮಹಡಿ ಹಡಗು. ಅಲ್ಲಾಡಿದ್ದೂ ಗೊತ್ತಾಗಲ್ಲ" ಅಂದ. ಆಗ ಕ್ಯಾನ್ಸಲ್ ಮಾಡಿದ್ದರೆ ಬಿಡಿಗಾಸೂ ಬರುತ್ತಿರಲಿಲ್ಲ. ಹೊರಟೆವು.

ಎರಡನೇ ರಾತ್ರಿ ಶುರುವಾಯಿತು. ಕಡಲು ಚೆನ್ನಾಗಿ ಕಾಣಲಿ ಅಂತ ಹೆಚ್ಚು ದುಡ್ಡು ಕೊಟ್ಟು ಮೇಲಿನ ಮಹಡಿಯಲ್ಲಿ, ಹಡಗಿನ ಮೂತಿಯ ಹತ್ತಿರವೇ ಬಾಲ್ಕನಿ ರೂಮು ಹಿಡಿದಿದ್ದೆ. ಹಡಗು ಮೂತಿ ಎತ್ತಿ ಕುಕ್ಕುವಾಗ ಅತಿ ಹೆಚ್ಚು ಏಳುಬೀಳು ಆ ತುದಿಗೇ. ಕೆಳಗಿನ ಮಹಡಿಯ ನಡುಭಾಗದಲ್ಲಿ ಅಗ್ಗದ ರೂಮು ತಗೊಂಡವರು ನಮಗಿಂತ ಸುಖವಾಗಿದ್ದರು. ಪಕ್ಕೆಯಲ್ಲಿ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿದ್ದವು ನಿಜ, ಆದರೆ ಅವು ತಡೆಯುವುದು ಎಡಬಲ ವಾಲಾಟವನ್ನು, ಮೂತಿ ಏಳುವುದನ್ನಲ್ಲ.

"ತೊಟ್ಟಿಲಿಗೆ ಹಾಕಿ ತೂಗಿದ ಹಾಗಿದೆ ಕಣೋ" ಅಂತ ಮೊದಲು ನಕ್ಕ ಅಮ್ಮ, ಹನ್ನೊಂದರ ಹೊತ್ತಿಗೆ ಮಂಚದ ಅಂಚನ್ನು ಬಿಗಿಯಾಗಿ ಹಿಡಿದು ಮಲಗಿದ್ದರು. ಪ್ರಯಾಣದ ವಾಂತಿ ತಡೆಯುವ ಅವೊಮಿನ್ ಮಾತ್ರೆ ಚೀಲದಲ್ಲೇ ಇತ್ತು. ವಾಂತಿ ಶುರುವಾದ ಮೇಲೆ ಕೊಟ್ಟರೆ ಏನು ಬಂತು, ನಿಮಿಷದಲ್ಲಿ ಅದೂ ಆಚೆ. ಅದನ್ನು ಮುಂಚೆಯೇ ನುಂಗಿರಬೇಕು. ನಿದ್ದೆ ಬರಿಸುತ್ತದೆ, ಹಾಗಾಗಿ ವಯಸ್ಸಾದವರಿಗೆ ಡಾಕ್ಟರನ್ನು ಕೇಳಿಯೇ ಕೊಡಿ. ಕೊನೆಗೆ ಹಡಗಿನ ಡಾಕ್ಟರ್ ಇಂಜೆಕ್ಷನ್ ಚುಚ್ಚಿದರು, ಬಿಲ್ಲು ರೂಮಿನ ಲೆಕ್ಕಕ್ಕೆ ಸೇರಿತು. (ಹೆಂಡತಿಗೆ ಏನೂ ಆಗಲಿಲ್ಲ. ಮಲ್ಪೆಯವಳು. ದೋಸೆ ತಿಂದು ಬಂದಳು.)

ಬೆಳಿಗ್ಗೆ ಪರದೆ ಸರಿಸಿದರೆ ಬಿಸಿಲು! ಎದುರಿಗೇ ಅಗತ್ತಿಯ ತೆಂಗಿನ ಸಾಲು. ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಮೈಕಿನಲ್ಲಿ ಕ್ಯಾಪ್ಟನ್ ಹೇಳಿದರು, ಇವತ್ತು ಯಾರನ್ನೂ ಇಳಿಸುವುದಿಲ್ಲ. ಜನ ರೇಗಿದರು, ನಾನೂ ರೇಗಿದೆ. ಆಮೇಲೆ ಕೆಳಗೆ ಬಗ್ಗಿ ನೋಡಿದಾಗ ಅರ್ಥವಾಯಿತು. ದ್ವೀಪದ ಸುತ್ತ ಹವಳದ ದಿಬ್ಬ, ಅದರೊಳಗೆ ಆಳವಿಲ್ಲದ ನೀರು. ದೊಡ್ಡ ಹಡಗು ಹೊರಗಿನ ಕಡಲಲ್ಲೇ ನಿಲ್ಲಬೇಕು. ಪಕ್ಕೆಯ ಬಾಗಿಲಿಂದ ಸಣ್ಣ ದೋಣಿಗೆ ಕಾಲಿಡಬೇಕು. ಆ ದೋಣಿ ಆಳೆತ್ತರ ಏಳುತ್ತಿತ್ತು, ಬೀಳುತ್ತಿತ್ತು. ಕುಸಿತ ಎಲ್ಲೋ ದೂರದಲ್ಲಿದ್ದರೂ ಅದು ಎಬ್ಬಿಸಿದ ಉಬ್ಬಲೆ ಇಲ್ಲಿವರೆಗೆ ಬರುತ್ತದೆ. ಆಕಾಶ ನೋಡಿ ಕಡಲನ್ನು ಅಳೆಯಲಾಗದು. ಅಮ್ಮನನ್ನು ಆ ದೋಣಿಗೆ ಇಳಿಸುವುದೇ? ಕ್ಯಾಪ್ಟನ್ ಮೇಲೆ ನನ್ನ ದೂರಿಲ್ಲ.

ದೂರು ಟಿಕೆಟ್ ಮಾರಿದವರ ಮೇಲೆ. ಷರತ್ತುಗಳಲ್ಲಿ ಸಣ್ಣಕ್ಷರದಲ್ಲಿತ್ತು: ಹವಾಮಾನ ಕೆಟ್ಟರೆ ದಾರಿ ಬದಲಾದೀತು, ನಿಲುಗಡೆ ತಪ್ಪೀತು, ಪರಿಹಾರವಿಲ್ಲ. ನಮಗೆ ವಾಪಸ್ ಬಂದದ್ದು ದ್ವೀಪದಲ್ಲಿ ಇಳಿಯುವ ಶುಲ್ಕ ಮಾತ್ರ, ಅದೂ ಹಡಗಿನೊಳಗೇ ಖರ್ಚು ಮಾಡುವ ಹಾಗೆ. ಇದನ್ನು ಬಾಯಿಬಿಟ್ಟು ಹೇಳಿದ್ದರೆ ನಾವು ಆ ತಿಂಗಳು ಹೋಗುತ್ತಲೇ ಇರಲಿಲ್ಲ. ಅರಬ್ಬಿಯಲ್ಲಿ ಚಂಡಮಾರುತ ಏಳುವುದು ಮಳೆಗಾಲದ ಎರಡು ತುದಿಗಳಲ್ಲಿ: ಮೇ-ಜೂನ್, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. 2017ರ ಡಿಸೆಂಬರ್ ಮೊದಲಲ್ಲಿ ಓಖಿ, 2019ರ ಅಕ್ಟೋಬರ್ ಕೊನೆಗೆ ಮಹಾ, 2021ರ ಮೇನಲ್ಲಿ ತೌಕ್ತೆ, ಮೂರೂ ಲಕ್ಷದ್ವೀಪವನ್ನು ಕಾಡಿದವೇ. ಜನವರಿಯಿಂದ ಮಾರ್ಚ್ ವಾಸಿ. ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ, ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇಂಕಾಯಿಸ್ ಕೊಡುವ ಅಲೆಯೆತ್ತರದ ಮುನ್ಸೂಚನೆ ಎರಡೂ ಪುಕ್ಕಟೆ. ವಿಮೆ ಮಾಡಿಸುವುದಾದರೆ ಬುಕ್ ಮಾಡಿದ ದಿನವೇ ಮಾಡಿಸಿ, ನಿಲುಗಡೆ ತಪ್ಪಿದರೆ ಕೊಡುತ್ತಾರಾ ಅಂತ ಬರಹದಲ್ಲಿ ಕೇಳಿ.

ಇನ್ನೊಂದು ದಡ್ಡತನ. ಹಡಗು ಮುಟ್ಟುವ ದಿನವೇ ಬೆಂಗಳೂರಿಗೆ ವಿಮಾನ ಇಟ್ಟುಕೊಂಡಿದ್ದೆ. ನಾವು ಮುಂಬೈ ಸೇರಿದ್ದು ಒಂಬತ್ತು ಗಂಟೆ ತಡವಾಗಿ. ಹೊಸ ಟಿಕೆಟ್, ಒಂದು ರಾತ್ರಿ ಹೋಟೆಲ್ಲು, ಎಲ್ಲ ಕೈಯಿಂದ.

ಹೋಟೆಲ್ಲಿನಲ್ಲಿ ಫೋನ್ ತೆರೆದರೆ ಭಾವ ಫೋಟೋ ಕಳಿಸಿದ್ದ. ಖಾಲಿ ದಕ್ಕೆ. ಕೆಳಗೆ ಒಂದು ಸಾಲು: "ಕಡಲು ಇಳಿಯಿತು, ಇವತ್ತು ಬೋಟ್ ಹೊರಟವು."