ಮಳೆಗಾಲ ದಾಟಿದ 12 ಟ್ಯೂಬ್ ವಾಟರ್‌ಕಲರ್, ಬೆಕ್ಕು ಬಿಡಿಸಿ ನೋಡಿದ್ದು

ಕಳೆದ ಜೂನಲ್ಲಿ ತಗೊಂಡಿದ್ದು ಈ ಸೆಟ್ಟು, ಈಗ ವರ್ಷ ಆಗ್ತಾ ಬಂತು. ತಗೊಂಡ ವಾರಕ್ಕೇ ಸ್ಟಾರ್ ಕೊಡಬಾರ್ದು ಅಂತಲೇ ಕಾದೆ, ನಮ್ಮ ಶಿರಸಿ ಕಡೆ ಒಂದು ಮಳೆಗಾಲ ದಾಟಿದ್ ಮೇಲೇ ಬಣ್ಣದ್ದೂ ಪೇಪರಿಂದೂ ಬಂಡವಾಳ ಗೊತ್ತಾಗೋದು.

ಟೆಸ್ಟಿಗೆ ಬೆಕ್ಕೇ ಯಾಕೆ ಅಂದ್ರೆ ಮನೇಲಿ ಎರಡಿದಾವೆ, ಒಂದು ಕರೀದು ಒಂದು ಮೂರು ಬಣ್ಣದ್ದು, ಜುಲೈ ಪೂರ್ತಿ ಬಚ್ಚಲೊಲೆ ಪಕ್ಕ ಬಿಟ್ಟು ಏಳೋದೇ ಇಲ್ಲ, ಕೂತು ಬಿಡಿಸ್ಲಿಕ್ಕೆ ಒಳ್ಳೆ ಅನುಕೂಲ.

ಮೊದ್ಲು ಕರಿ ಬೆಕ್ಕಿಗೆ ಸೆಟ್ಟಲ್ಲಿರೋ ಕಪ್ಪನ್ನೇ ಹಚ್ಚಿದೆ, ಒಣಗಿದ್ ಮೇಲೆ ನೋಡಿದ್ರೆ ಮಸಿ ಅರಿವೆ ಹಾಸಿಟ್ಟ ಹಾಗೆ, ಜೀವನೇ ಇಲ್ಲ. ಆಮೇಲೆ ಆ ಟ್ಯೂಬ್ ಮುಟ್ಟಿಲ್ಲ. ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಎರಡೇ ಕಲಸ್ಕೊಳ್ಳಿ, ನೀಲಿ ಮುಂದಾದ್ರೆ ನೆರಳಿನ ತಣ್ಣನೆ ಕಪ್ಪು, ಸಿಯೆನ್ನಾ ಮುಂದಾದ್ರೆ ಒಲೆ ಬೆಳಕು ಬಿದ್ದ ಬೆನ್ನಿನ ಕಂದುಗಪ್ಪು. ಈ ನೀಲಿಯ ಕಣ ಒರಟು ಪೇಪರಿನ ಗುಳಿಗಳಲ್ಲಿ ಹೋಗಿ ಕೂರತ್ತೆ, ಗ್ರಾನ್ಯುಲೇಶನ್ ಅಂತಾರಲ್ಲ ಅದು, ಒಂದೊಂದೇ ಕೂದಲು ಎಳೀದೇ ರೋಮದ ಹಾಗೆ ಕಾಣತ್ತೆ. ನಂಗೆ ಇಡೀ ಸೆಟ್ಟಲ್ಲಿ ಇದೊಂದು ತುಂಬಾ ಹಿಡಿಸ್ತು.

ಮೂರು ಬಣ್ಣದ್ದು ಹೆಣ್ಣು (ಇಂಥ ಬೆಕ್ಕು ಹೆಚ್ಚುಕಮ್ಮಿ ಎಲ್ಲಾ ಹೆಣ್ಣೇ, ಕೆಂಪು ರೋಮದ ಜೀನ್ ಎಕ್ಸ್ ಕ್ರೋಮೋಸೋಮಲ್ಲಿರತ್ತೆ, ಕೆಂಪು ಕಪ್ಪು ಎರಡೂ ಬರ್ಲಿಕ್ಕೆ ಎರಡು ಎಕ್ಸ್ ಬೇಕು, ಅದು ಹೆಣ್ಣಿಗಿರೋದು). ಇದಕ್ಕೆ ಪೇಪರ್ ಒದ್ದೆ ಮಾಡ್ಕೊಂಡು ಕೆಂಪಿನ ಪಕ್ಕ ಕಪ್ಪು ಬಿಟ್ರೆ ಅವೇ ಒಂದರೊಳಗೊಂದು ಹರಿದು ಅಂಚು ಕರಗತ್ತೆ, ಬಿಳಿಗೆ ಪೇಪರನ್ನೇ ಖಾಲಿ ಬಿಡೋದು. ಕೆಂಪಿಗೂ ಸಿಯೆನ್ನಾನೇ, ಒಂಚೂರು ಹಳದಿ ಜೊತೆ. ಮಾರಿಕಾಂಬಾ ಗುಡೀಲಿ ಕಾವಿ ಚಿತ್ರ ನೋಡಿದವ್ರಿಗೆ ಈ ಬಣ್ಣ ಹೊಸತಲ್ಲ, ಕಾವಿ ಮಣ್ಣಿಗೂ ಇದಕ್ಕೂ ಕೆಂಪು ಬರೋದು ಕಬ್ಬಿಣದ ಆಕ್ಸೈಡಿಂದಲೇ.

ಬೇಜಾರಾಗಿದ್ದು ಕ್ರಿಮ್ಸನ್ ಅನ್ನೋ ಗಾಢ ಕೆಂಪಿನ ವಿಷ್ಯದಲ್ಲಿ. ಮೂಗಿಗೆ, ಕಿವಿ ಒಳಗೆ ಅದನ್ನ ತೆಳ್ಳಗೆ ಹಚ್ಚಿ ಕಿಟಕಿ ಎದ್ರಿಗೆ ತೂಗುಹಾಕಿದ್ದೆ, ಬೇಸಿಗೆ ಮುಗಿಯೋದ್ರೊಳಗೆ ಮೂಗು ಬಿಳಿಚ್ಕೊಂಡಿದೆ. ಟ್ಯೂಬ್ ಹಿಂದೆ ಸಣ್ಣಕ್ಷರದಲ್ಲಿ ಪಿಆರ್ 83 ಅಂತಿದೆ, ಒಳಗಿರೋ ಬಣ್ಣದ ಪುಡಿ ಯಾವ್ದು ಅಂತ ಹೇಳೋ ಕೋಡ್ ಅದು, ಇಲ್ಲಿ ಅಲಿಜಾರಿನ್, ಬೆಳಕಿಗೆ ಹಾರೋ ಬಣ್ಣ. ತಗೊಳ್ಳೋ ಮೊದ್ಲು ಈ ಕೋಡ್ ನೋಡಿ, ಅದರ ಬದ್ಲು ಪಿವಿ 19 ಇದ್ರೆ ಅಷ್ಟು ಹೆದರ್ಬೇಕಾಗಿಲ್ಲ.

ಇನ್ನೊಂದು, ಆಗಸ್ಟಲ್ಲಿ ಬಣ್ಣ ಎಲ್ಲಾ ಚುಕ್ಕಿ ಚುಕ್ಕಿಯಾಗಿ ಪೇಪರೊಳಗೆ ಇಂಗ್ತಾ ಇತ್ತು, ಬಣ್ಣದ್ದೇ ತಪ್ಪು ಅಂತ ರಿಟರ್ನ್ ಮಾಡ್ಲಿಕ್ಕೆ ಹೊರಟಿದ್ದೆ. ತಪ್ಪು ಬಣ್ಣದ್ದಲ್ಲ, ಥಂಡಿಗೆ ದಪ್ಪನೆ 300 ಜಿಎಸ್ಎಂ ಕಾಟನ್ ಪೇಪರಿನ ಸೈಜಿಂಗೇ (ನೀರು ತಕ್ಷಣ ಇಂಗದ ಹಾಗೆ ಪೇಪರಿಗೆ ಕೊಟ್ಟಿರೋ ಅಂಟು) ಹಾಳಾಗಿತ್ತು, ಹೊಸ ಹಾಳೆ ಮೇಲೆ ಅದೇ ಬಣ್ಣ ಚಂದ ಕೂತ್ಕೊಳ್ತು. ಈಗ ಹಾಳೆ ಎಲ್ಲಾ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬೀಲಿ. ಪ್ಯಾಲೆಟ್ಟಲ್ಲಿ ಹಿಂಡಿಟ್ಟ ಬಣ್ಣಕ್ಕೂ ಬೂಸ್ಟು ಬಂದಿತ್ತು, ಮಳೆಗಾಲದಲ್ಲಿ ಅವತ್ತಿಗೆ ಬೇಕಾದಷ್ಟೇ ಹಿಂಡಿ.

ನಾಲ್ಕು ಸ್ಟಾರ್, ಒಂದು ಕಮ್ಮಿ ಮಾಡಿದ್ದು ಆ ಕ್ರಿಮ್ಸನ್‌ಗೆ. ಅಲ್ಟ್ರಾಮರೀನ್ ಖಾಲಿಯಾಗಿದೆ, ಬಿಡಿ ಟ್ಯೂಬ್ ಹುಬ್ಬಳ್ಳಿಗೆ ಹೋದವ್ರ ಹತ್ರ ತರ್ಲಿಕ್ಕೆ ಹೇಳಿದೀನಿ, ಈ ಸಲ 15 ಎಂಎಲ್ಲೇ.